ಎಲ್ಪಿಡಿಯೋನ ಅಂಗಿಗೆ ಗಂಜಿ

"ಇದೇನೇ ಇದು, ಗಂಜಿಯೋ ನಿಮ್ಮವ್ವನ ಗೊಣ್ಣೆಯೋ? ಕಾಲರು ನಾಯಿ ನಾಲಗೆ ಥರ ಜೋತಾಡ್ತದೆ!"

ಪೊಲೀಸ್ ಎಲ್ಪಿಡಿಯೊ ಅಂಗಿಯನ್ನು ಹೆಂಡತಿ ಪೆರ್ಲಿತಾಳ ಮುಖಕ್ಕೆ ಎಸೆದ. ಹಿಂದೆಯೇ ಬೂಟೂ ಬಂತು. ಬೆಳಗಿನ ಎಂಟಕ್ಕೇ ತೆಂಗಿನ ಸಾರಾಯಿ ಒಳಗಿಳಿದಿದ್ದರಿಂದ ಅಂಗಿ ಗುರಿ ತಪ್ಪಿತು. ಬೂಟು ತಪ್ಪಲಿಲ್ಲ.

ಪೆರ್ಲಿತಾ ಊದಿದ ಕಣ್ಣು ಹೊತ್ತು ಠಾಣೆಗೆ ಹೋದಳು. ಠಾಣೆಯ ಒಂಬತ್ತೂ ಮಂದಿಯ ಬಟ್ಟೆ ಒಗೆದು, ಮರಗೆಣಸಿನ ಗಂಜಿ ಹಾಕಿ, ಇಸ್ತ್ರಿ ತಿಕ್ಕುವವರು ಅವಳು ಮತ್ತು ಹೊಳೆದಂಡೆಯ ಇನ್ನಿಬ್ಬರು. ಸಾರ್ಜೆಂಟ್ ಬಾಲ್ತಾಸರ್ ದೂರಿನ ಪುಸ್ತಕದ ಮೇಲೆ ಕಾಫಿ ಲೋಟ ಇಟ್ಟುಕೊಂಡು ಕೂತಿದ್ದ.

"ಗಂಡ ಹೆಂಡ್ರ ಜಗಳ ಬರೀತಾ ಕೂತ್ರೆ ಪುಸ್ತಕ ಸಾಲ್ದಮ್ಮಿ. ಹೋಗಿ ಅವನಿಗೆ ಮೀನ್ ಸಾರು ಮಾಡಾಕು. ಸೋಮವಾರ ಬಾವುಟ ಏರ್ಸಕ್ಕೆ ದೊಡ್ಡ ಸಾಹೇಬ್ರು ಬತ್ತಾವ್ರೆ, ಅಂಗಿ ಗರಿಗರಿ ಇರ್ಲಿ!"

ಅವಳು ದೂರು ಹೇಳಿಕೊಂಡು ಬಂದದ್ದು ಇದು ಮೂರನೆಯ ಸಲ. ಪುಸ್ತಕಕ್ಕೆ ಏರದಿದ್ದರೆ ನಾಳೆ ತಾನು ಸತ್ತರೂ ಕಾಲು ಜಾರಿ ಸತ್ತಳು ಅಂತಲೇ ಬರೆಯುತ್ತಾರೆ. ಪೆರ್ಲಿತಾ ಠಾಣೆಯ ಬಟ್ಟೆ ಗಂಟು ಹೊತ್ತು ಹೊಳೆಗೆ ನಡೆದಳು.

"ಪುಸ್ತಕ ತೆಗೀನಿಲ್ವಾ ಆ ಬೋಳಿಮಗ?" ಹೊಳೆಯಲ್ಲಿ ಇಸ್ಕಾ ಅಜ್ಜಿ ಒಗೆಯುವ ಕೋಲನ್ನು ಕಲ್ಲಿಗೆ ಬಡಿದಳು. "ತೆಗೆಸಾನ, ತಾಳು."

ಸೋಮವಾರ ಏಳಕ್ಕೆ ಠಾಣೆಯಂಗಳದಲ್ಲಿ ಒಂದು ಟಬ್ಬು, ತುಂಬ ಗಂಜಿ. ಅದರ ಮೇಲೆ ಬಿದಿರ ಗಳು, ಗಳುವಿನಲ್ಲಿ ಇಸ್ತ್ರಿಯಾದ ಒಂಬತ್ತು ಅಂಗಿ. ಗಳುವಿನ ಒಂದು ತುದಿ ಇಸ್ಕಾ ಅಜ್ಜಿಯ ಹೆಗಲ ಮೇಲೆ, ಇನ್ನೊಂದು ಬಟ್ಟೆ ಒಗೆಯುವ ಮೂರನೆಯವಳಾದ ಕೊರಾಸೋನಳ ಹೆಗಲ ಮೇಲೆ. ಟಬ್ಬಿನ ಪಕ್ಕ ಕೋಲು ಹಿಡಿದು ಪೆರ್ಲಿತಾ. ಎದುರಿಗೆ ಒಂಬತ್ತು ಬನಿಯನ್ನುಗಳು, ಒಂಬತ್ತು ಹೊಟ್ಟೆಗಳು.

"ಲೇ ಮುದುಕಿ, ಸಾಹೇಬ್ರ ಜೀಪ್ ಸೇತುವೆ ತಾವ ಬಂತಂತೆ, ಕೊಡೇ!" ಬಾಲ್ತಾಸರ್ ಬೆವರಿದ.

"ವಯಸ್ಸಾಯ್ತಲ್ಲಪ್ಪಾ, ಹೆಗಲು ನಡುಗ್ತದೆ. ಪೆರ್ಲಿತಾ ದೂರು ಪುಸ್ತಕಕ್ಕೇರಿದ್ರೆ ನಿಂತೀತು," ಎಂದಳು ಅಜ್ಜಿ. ಗಳು ಒಂದು ಗೇಣು ಇಳಿಯಿತು.

"ಅಯ್ಯಯ್ಯೋ! ಪುಸ್ತಕ ತತ್ತಾ!" ಸಾರ್ಜೆಂಟ್ ಅರಚಿದ.

ಬನಿಯನ್ನಿನಲ್ಲೇ ಕೂತು ಬಾಲ್ತಾಸರ್ ಬರೆದ. "ಹೊಡೆದವನ ಹೆಸರು?"

"ನಿಮ್ಮ ಪಕ್ಕದಲ್ಲೇ ತೂರಾಡ್ತಾ ನಿಂತವ್ನೆ," ಎಂದಳು ಪೆರ್ಲಿತಾ. "ಪೂರ್ತಿ ಹೆಸ್ರು ಬರೀರಿ. ಬೂಟನ್ನೂ ಬರೀರಿ. ನಂಗೂ ಓದಕ್ಕೆ ಬತ್ತದೆ."

ಬಾಲ್ತಾಸರ್ ಎರಡನ್ನೂ ಬರೆದ. ಎಲ್ಪಿಡಿಯೊ ಮುಷ್ಟಿ ಎತ್ತಿದ. ಅವನ ಕೈ ಹಿಡಿದು ಕೆಳಗಿಳಿಸಿದ್ದು ಅವನ ಜೊತೆಗಾರರೇ. ಅವರಿಗೆ ಅಂಗಿ ಬೇಕಿತ್ತು. ಮೊಹರು ಬಿತ್ತು. ಪೆರ್ಲಿತಾ ದೂರಿನ ನಕಲನ್ನು ರವಿಕೆಯೊಳಗಿಟ್ಟುಕೊಂಡು ಅಂಗಿಗಳನ್ನು ಒಂದೊಂದಾಗಿ ಹಂಚಿದಳು.

ಜೀಪಿನ ಹಾರ್ನ್ ಕೇಳಿಸಿತು. ಗಳುವಿನಲ್ಲಿ ಒಂದೇ ಅಂಗಿ ಉಳಿದಿತ್ತು.

"ನಂದು ಕೊಡೇ, ಸೂಳೆ!" ಎಂದ ಎಲ್ಪಿಡಿಯೊ.

"ನಿಂಗೆ ಗಂಜಿ ಸಾಲ್ದು ಅಂದಿದ್ಯಲ್ಲ," ಎಂದು ಪೆರ್ಲಿತಾ ಅದನ್ನು ಟಬ್ಬಿನೊಳಗೆ ಹಾಕಿ, ಕಾಲರು ಮುಳುಗುವವರೆಗೂ ಕೋಲಿನಿಂದ ಅದುಮಿದಳು.