ದೊರಿಕಾಳ ಸಾಕ್ಷಿ

"ಏನೇ ದೊರಿಕಾ, ಮದುಮಗಳ ಹಾಗೆ ಇನ್ನೂ ಎಷ್ಟು ಹೊತ್ತು ಸಿಂಗಾರ ಮಾಡ್ಕೊಳ್ತೀಯಾ? ಡ್ರೈವರ್ ಕೋಪ ಮಾಡ್ಕೊಂಡು ಹೊರಟುಬಿಟ್ರೆ ಜೋಂಬಾವರೆಗೂ ನಡ್ಕೊಂಡೇ ಹೋಗ್ಬೇಕಾಗುತ್ತೆ!"

ಅಂಗಳದಲ್ಲಿ ನಿಂತು ಕೂಗಿದವಳು ಲಿಟ್ನೆಸ್. ಚರ್ಚಿನ ಮಹಿಳಾ ಸಂಘದಲ್ಲಿ ಅವಳಷ್ಟು ಬಾಯಿ ಯಾರದೂ ಇಲ್ಲ. ದೊರಿಕಾ ಬಿಳಿ ತಲೆವಸ್ತ್ರದ ಗಂಟು ಬಿಗಿದಳು. ಗೋಡೆಯ ಒಡಕು ಕನ್ನಡಿಯಲ್ಲಿ ಅವಳ ಭುಜದ ಹಿಂದೆ ಹಾಸಿಗೆ ಕಾಣುತ್ತಿತ್ತು, ಹಾಸಿಗೆಯ ಮೇಲೆ ಅವಳ ಗಂಡ ಲಾಸ್ಟನ್.

ಅವನು ಬಡಗಿ. ಚರ್ಚಿನ ಬೆಂಚುಗಳನ್ನೆಲ್ಲ ಮಾಡಿದವನು, ಹದಿನೇಳು ವರ್ಷ ಸಭೆಯ ಹಿರಿಯನಾಗಿದ್ದವನು. ನಾಲ್ಕು ವರ್ಷದ ಹಿಂದೆ ಒಂದು ಬೆಳಿಗ್ಗೆ ಹಲಗೆ ಹೆರೆಯುತ್ತಿದ್ದಾಗಲೇ ಕುಸಿದ. ಬಲಭಾಗ ಪೂರ್ತಿ ಬಿದ್ದುಹೋಯಿತು. ಮಾತೆಂದು ಉಳಿದದ್ದು "ಆವ" ಎಂಬ ಒಂದೇ ಸದ್ದು. ನೀರಿಗೂ ಅದೇ, ನೊಣಕ್ಕೂ ಅದೇ, ಹಾಸಿಗೆ ಒದ್ದೆಯಾದರೂ ಅದೇ.

ಅವನನ್ನು ನೋಡಿಕೊಳ್ಳಲು ಆ ದಿನ ಅವನ ಅಕ್ಕ ಎಸ್ನಾತ್ ಬಂದಿದ್ದಳು. ಬಾಗಿಲಲ್ಲಿ ಕಾಲು ಚಾಚಿ ಕೂತು, "ಹೋಗವ್ವಾ ಹೋಗು. ನೀನೀಗ ದೊಡ್ಡ ಪ್ರವಾದಿ. ಊರೂರಿಗೆ ಸಮಾಧಾನ ಹಂಚಿ ಬಾ. ಇವನ ಬಟ್ಟೆ ನಾನು ಬದಲಿಸ್ತೀನಿ," ಎಂದಳು.

ಪ್ರವಾದಿ ಆದದ್ದು ದೊರಿಕಾಳ ಇಷ್ಟದಿಂದಲ್ಲ. ಮೊದಲ ವರ್ಷ ಒಂದು ಭಾನುವಾರ ಚರ್ಚಿನಲ್ಲಿ, ಇದನ್ನೆಲ್ಲ ಹೇಗೆ ತಾಳುತ್ತೀ ಎಂದು ಯಾರೋ ಕೇಳಿದಾಗ ಅವಳು ಎದ್ದು ನಿಂತು ನಾಲ್ಕು ಮಾತು ಹೇಳಿದ್ದಳು: ತೀರಾ ಭಾರವಾದಾಗ ಅಡುಗೆಮನೆಯಲ್ಲಿ ಕೂತು ಕಣ್ಣು ಮುಚ್ಚುತ್ತೇನೆ, ಭಾರವನ್ನು ಕರ್ತನ ಕೈಗೆ ಕೊಡುತ್ತೇನೆ, ಎದ್ದು ಕೆಲಸಕ್ಕೆ ಹೋಗುತ್ತೇನೆ. ಆಗ ಅದು ನಿಜವೂ ಆಗಿತ್ತು. ಪಾದ್ರಿಯ ಹೆಂಡತಿ ಫೈನೆಸ್ ಆ ಮಾತನ್ನು ಹಿಡಿದುಕೊಂಡಳು. ರೋಗಿ ಇದ್ದ ಮನೆಗೆ, ಸಾವಾದ ಮನೆಗೆ ಹೋದಲ್ಲೆಲ್ಲ, "ದೊರಿಕಾಳನ್ನ ನೋಡಿ ಕಲೀರಿ," ಎಂದು ಹೇಳಿ ಬಂದಳು. ಹೆಂಗಸರು ಹುಡುಕಿಕೊಂಡು ಬರತೊಡಗಿದರು. ಹೋದ ವರ್ಷ ತನ್ನ ಮಗಳು ತೀರಿಕೊಂಡಾಗ ಲಿಟ್ನೆಸ್ ಕೂಡ ಬಂದಿದ್ದಳು. ಎಲ್ಲರಿಗೂ ದೊರಿಕಾ ಅದೇ ನಾಲ್ಕು ಮಾತು ಹೇಳಿದಳು. ಯಾವ ದಿನ ಎಂದು ಅವಳಿಗೇ ಗೊತ್ತಿಲ್ಲ, ಅಡುಗೆಮನೆಯಲ್ಲಿ ಕಣ್ಣು ಮುಚ್ಚಿದರೆ ಬರೀ ಹೊಗೆ ಉಳಿಯಿತು. ಮಾತು ಮಾತ್ರ ನಿಲ್ಲಲಿಲ್ಲ.

ಪಿಕಪ್ಪಿನ ಹಿಂದೆ ಹದಿನಾಲ್ಕು ಜನ ಒತ್ತಿಕೊಂಡು ಕೂತರು. ಲಿಟ್ನೆಸ್ ದೊರಿಕಾಳ ಪಕ್ಕದಲ್ಲಿ ಜಾಗ ಮಾಡಿಕೊಂಡಳು. "ನಿನ್ನ ಮಾತು ಕೇಳಿ ಅಳೋಕೇ ಅಂತ ಎರಡು ಕರ್ಚೀಫ್ ತಂದಿದೀನಿ. ಚೆನ್ನಾಗಿ ಅಳಿಸ್ಲಿಲ್ಲ ಅಂದ್ರೆ ನೋಡು!" ಗಾಡಿಯಲ್ಲಿದ್ದವರೆಲ್ಲ ನಕ್ಕರು.

ಮಹಿಳಾ ಸಂಘದ ಸಮ್ಮೇಳನಕ್ಕೆ ಜೋಂಬಾ ಪಟ್ಟಣದ ಸಭಾಂಗಣದಲ್ಲಿ ನಾನೂರು ಹೆಂಗಸರು ಸೇರಿದ್ದರು. ಬಿಳಿ ರವಿಕೆ, ಕಪ್ಪು ಲಂಗ, ತಗಡಿನ ಮಾಡಿನ ಕೆಳಗೆ ಬೆವರು. ಬ್ಲಾಂಟೈರ್ ನಗರದಿಂದ ಬಂದ ಭಾಷಣಕಾರ್ತಿ ಮನಸ್ಸಿನ ಒತ್ತಡದ ಬಗ್ಗೆ ಮಾತಾಡಿದಳು. ನಿಧಾನ ಉಸಿರಾಡಿ, ಪ್ರಾರ್ಥಿಸಿ, ಇದ್ದದ್ದಕ್ಕೆ ಸ್ತೋತ್ರ ಹೇಳಿ, ಎಂದಳು. ಆಮೇಲೆ ಫೈನೆಸ್ ಮೈಕಿಗೆ ಬಂದು, "ಇದನ್ನೆಲ್ಲ ಬದುಕಿ ತೋರಿಸಿದವಳೊಬ್ಬಳು ನಮ್ಮಲ್ಲೇ ಇದಾಳೆ," ಎಂದು ಕೈ ಚಾಚಿದಳು.

ದೊರಿಕಾ ಎದ್ದಳು. "ಭಾರವಾದಾಗ ನಾನು ಅಡುಗೆಮನೇಲಿ ಕೂತು ಕಣ್ಣು ಮುಚ್ತೀನಿ," ಎಂದು ಶುರು ಮಾಡಿದಳು. ಮೂರನೇ ಸಾಲಿನಲ್ಲಿ ಬೆನ್ನಿಗೆ ಕೂಸು ಕಟ್ಟಿಕೊಂಡ ಒಬ್ಬ ಎಳೆಯ ಹೆಂಗಸು ಶಾಲೆಯ ನೋಟ್‌ಬುಕ್ಕಿನಲ್ಲಿ ಅದನ್ನು ಬರೆದುಕೊಳ್ಳುತ್ತಿದ್ದಳು. ಪ್ರತಿ ಅಕ್ಷರಕ್ಕೂ ತುಟಿ ಆಡಿಸುತ್ತಿದ್ದಳು. ದೊರಿಕಾ ಆ ಪೆನ್ನನ್ನೇ ನೋಡಿದಳು.

"ಬರ್ಕೋಬೇಡ ತಾಯಿ," ಎಂದಳು ಕೊನೆಗೆ. "ನನಗೆ ಅದು ಈಗ ನಿಜ ಅಲ್ಲ."

ಹುಡುಗಿ ತಲೆ ಎತ್ತಿದಳು.

"ಮೊನ್ನೆ ಮಂಗಳವಾರ ನನ್ನ ಗಂಡ ಕರೀತಿದ್ದ. ನಾನು ಮಾವಿನ ಮರದ ಕೆಳಗೆ ಕೂತಿದ್ದೆ. ಕೇಳಿಸ್ತಿತ್ತು. ಹಾಸಿಗೆ ಒದ್ದೆ ಆಗಿದೆ ಅಂತ ಗೊತ್ತಿತ್ತು. ನೆತ್ತಿ ಮೇಲೆ ಬಿಸಿಲು ಬರೋವರೆಗೂ ಏಳ್ಲಿಲ್ಲ. ಕರೆದೂ ಕರೆದೂ ಸುಮ್ಮನಾದ. ಆಗ ನಾನು ಪ್ರಾರ್ಥನೆ ಮಾಡ್ದೆ. ಮನಸಾರೆ ಮಾಡಿದ್ದು ಅದೊಂದೇ. ಇವನನ್ನ ಕರ್ಕೊಂಡುಬಿಡು, ನಂಗೆ ನಿದ್ದೆ ಬೇಕು ಅಂತ."

ಫೈನೆಸಳ ಮುಖದ ಮೇಲೆ ನಗು ಹಾಗೇ ಉಳಿದಿತ್ತು. ಆ ನಗುವಿನಲ್ಲೇ ಅವಳು ಒಂದು ಹಾಡು ಎತ್ತಿದಳು. ಮುಂದಿನ ಸಾಲಿನವರು ದನಿ ಸೇರಿಸಿದರು, ಮತ್ತೆ ನಾನೂರು ಜನವೂ. ದೊರಿಕಾ ಇನ್ನೂ ಹೇಳುತ್ತಲೇ ಇದ್ದಳು. ತುಟಿ ಆಡುವುದು ಕಾಣುತ್ತಿತ್ತು, ಅಷ್ಟೇ.

ಫೈನೆಸ್ ಅವಳನ್ನು ತಬ್ಬಿಕೊಂಡು ಪಕ್ಕಕ್ಕೆ ಕರೆದೊಯ್ದಳು. "ಸೈತಾನ ನಿನ್ನನ್ನ ಪರೀಕ್ಷೆ ಮಾಡ್ತಿದಾನೆ ಕಣೇ. ಬಾ, ಹಿರಿಯರೆಲ್ಲ ನಿನ್ನ ತಲೆ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡ್ಲಿ."

"ಪ್ರಾರ್ಥನೆ ಸಾಕು ಅಮ್ಮಾ. ವಾರಕ್ಕೆ ಎರಡು ದಿನ ಯಾರಾದ್ರೂ ಬಂದು ಅವನನ್ನ ಹೊರಳಿಸಿ ಮಲಗಿಸ್ಲಿ. ಒಬ್ಳೇ ಎತ್ತೋಕೆ ನನ್ನ ಕೈಲಿ ಆಗ್ತಿಲ್ಲ."

"ಸಂಘದಲ್ಲಿ ಮಾತಾಡೋಣ," ಎಂದಳು ಫೈನೆಸ್, ಬಾಗಿಲ ಕಡೆ ನೋಡುತ್ತ.

ಹಿಂದಿರುಗುವಾಗಲೂ ಗಾಡಿ ತುಂಬಿತ್ತು. ಆದರೂ ದೊರಿಕಾಳ ಎರಡೂ ಕಡೆ ಗೇಣು ಗೇಣು ಜಾಗ ಖಾಲಿ ಇತ್ತು. ಲಿಟ್ನೆಸ್ ಎದುರು ಕೂತು ದಾರಿಯ ಧೂಳನ್ನು ನೋಡುತ್ತಿದ್ದಳು. ಊರಿನ ತಿರುವಿನಲ್ಲಿ ಇಬ್ಬರೇ ಇಳಿದರು. ಗಾಡಿ ಮರೆಯಾದ ಮೇಲೆ ಲಿಟ್ನೆಸ್ ಬಾಯಿ ತೆರೆದಳು.

"ಮಗಳು ಹೋದಾಗ ನೀನು ಹೇಳಿದ ಹಾಗೇ ಮಾಡಿದೆ ಕಣೇ. ದಿನಾ ಅಡುಗೆಮನೇಲಿ ಕೂತೆ. ಕಣ್ಣು ಮುಚ್ಚಿದೆ. ಏನೂ ಆಗ್ಲಿಲ್ಲ. ದೊರಿಕಾಗೆ ಆಗಿದ್ದು ನಂಗ್ಯಾಕೆ ಆಗ್ಲಿಲ್ಲ, ನನ್ನಲ್ಲೇ ಏನೋ ಪಾಪ ಇರ್ಬೇಕು ಅಂತ ಒಂದು ವರ್ಷ ನನ್ನನ್ನೇ ಬೈಕೊಂಡೆ."

"ಲಿಟ್ನೆಸ್..."

"ನಿಂಗೆ ಗೊತ್ತಿತ್ತಲ್ಲ. ಅವತ್ತೇ ಹೇಳ್ಬಹುದಿತ್ತಲ್ಲ."

ಬೈದಿದ್ದರೆ ದೊರಿಕಾ ತಡೆದುಕೊಳ್ಳುತ್ತಿದ್ದಳು. ಲಿಟ್ನೆಸ್ ದನಿ ಏರಿಸಲೂ ಇಲ್ಲ. ಜೋಳದ ಹೊಲದ ಕಾಲುದಾರಿ ಹಿಡಿದು ಹೊರಟುಹೋದಳು.

ಮನೆಯ ಬಾಗಿಲಲ್ಲಿ ಎಸ್ನಾತ್ ಆಗಲೇ ಗಂಟು ಕಟ್ಟಿಕೊಂಡು ನಿಂತಿದ್ದಳು. "ನಿನಗಿಂತ ಮುಂಚೆ ಫೋನ್ ಬಂತು. ನನ್ನ ತಮ್ಮ ಸಾಯ್ಲಿ ಅಂದ್ಯಂತೆ, ಅಷ್ಟು ಜನರ ಮುಂದೆ."

"ಹೌದು ಅತ್ತಿಗೆ. ಅಂದೆ."

ಇಲ್ಲ ಎನ್ನುತ್ತಾಳೆಂದು ಕಾದಿದ್ದ ಎಸ್ನಾತ್ ಗಂಟನ್ನು ಕಂಕುಳಿಗೇರಿಸಿದಳು. "ಅವನು ಏನೂ ತಿಂದಿಲ್ಲ. ನನ್ನ ಕೈಯಿಂದ ತಿನ್ನಲ್ಲ," ಎಂದಷ್ಟೇ ಹೇಳಿ ಅಂಗಳ ದಾಟಿದಳು.

ದೊರಿಕಾ ತಲೆವಸ್ತ್ರ ಬಿಚ್ಚಿ ಮೊಳೆಗೆ ಹಾಕಿದಳು. ಒಲೆ ಹಚ್ಚಿ ಜೋಳದ ಹಿಟ್ಟಿನ ಗಂಜಿ ಕಾಯಿಸಿದಳು. ಲಾಸ್ಟನನ ತಲೆಯ ಕೆಳಗೆ ದಿಂಬು ಒತ್ತಿ, ಬಟ್ಟಲು ಮಡಿಲಲ್ಲಿಟ್ಟುಕೊಂಡು, ಚಮಚ ಬಾಯಿಯ ಹತ್ತಿರ ಹಿಡಿದಳು.

ಅವನು ಬಾಯಿ ತೆರೆಯಲಿಲ್ಲ. ಅವಳ ಮುಖವನ್ನೇ ನೋಡಿದ. ಆಮೇಲೆ ನಿಧಾನವಾಗಿ ಎಡಗೈ ಎತ್ತಿ, ಅಲುಗದ ಬಲಗೈಯ ಮೇಲೆ ತಂದಿಟ್ಟು, ಕಣ್ಣು ಮುಚ್ಚಿದ. ಊಟದ ಪ್ರಾರ್ಥನೆ ಹೇಳದೆ ಅವನು ಜೀವಮಾನದಲ್ಲಿ ಒಂದು ತುತ್ತು ತಿಂದವನಲ್ಲ. ಅವನ ಮಾತು ಹೋದ ಮೇಲೆ ಅದನ್ನು ಹೇಳಬೇಕಾದವಳು ಅವಳು.

ದೊರಿಕಾ ಬಾಯಿ ತೆರೆದಳು. ಪ್ರಾರ್ಥನೆಯ ಮೊದಲ ಮಾತನ್ನೂ ಆಡದೆ ಮತ್ತೆ ಮುಚ್ಚಿದಳು. ಚಮಚವನ್ನು ಮೆಲ್ಲಗೆ ಬಟ್ಟಲಿಗೆ ಇಳಿಸಿದಳು.

ಕಿಟಕಿಯಿಂದ ಬಂದ ಇಳಿಬಿಸಿಲು ಮಂಚದ ಕಾಲಿನವರೆಗೆ ಸರಿದಿತ್ತು. ಗಂಜಿಯ ಮೇಲೆ ತೆಳ್ಳಗೆ ಕೆನೆ ಕಟ್ಟತೊಡಗಿತು. ಲಾಸ್ಟನ್ ಕಣ್ಣು ಮುಚ್ಚಿಕೊಂಡೇ ಕಾಯುತ್ತಿದ್ದ.