ಸ್ಲಾವಾ ಇಲ್ಲದವಳು

ಕಣ್ಣು ಮುಚ್ಚಿ ಕುಳಿತಿದ್ದರೂ ರುಜಿತ್ಸಾಳ ಕಿವಿ ಮೇಲಿನ ಮಹಡಿಯಲ್ಲೇ ಇತ್ತು. ಯಾರೋ ಕರೆಗಂಟೆ ಒತ್ತುತ್ತಿದ್ದರು, ಬೆರಳು ತೆಗೆಯದೆ. ಹಾಗೆ ಒತ್ತುವವನು ಕಿಟಕಿ ಪಕ್ಕದ ಮಂಚದ ಜಿವಾನ್ ತಾತ ಒಬ್ಬನೇ. ಅವನಿಗೆ ಬೇಕಾಗಿರುವುದು ಹೆಚ್ಚೆಂದರೆ ಮಂಚದ ಕೆಳಗೆ ಸರಿದುಹೋದ ಚಪ್ಪಲಿ. ಆದರೂ ಯಾರಾದರೂ ಹೋಗಬೇಕಲ್ಲ. ಇಡೀ ವಾರ್ಡಿಗೆ ಈಗ ಇದ್ದವಳು ನೆವೆನಾ ಒಬ್ಬಳು, ಕೆಲಸಕ್ಕೆ ಸೇರಿ ವರ್ಷವೂ ತುಂಬದ ಹುಡುಗಿ. ಉಳಿದ ಸಿಸ್ಟರುಗಳೆಲ್ಲ ಇಲ್ಲಿ, ಕೆಳಗಿನ ಸಭಾಂಗಣದ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ, ಪಾದ ನೆಲಕ್ಕೂರಿ, ಅಂಗೈ ತೊಡೆಯ ಮೇಲಿಟ್ಟು, ಒತ್ತಡವನ್ನು ಉಸಿರಿನ ಜೊತೆ ಹೊರಗೆ ಬಿಡುತ್ತಿದ್ದರು.

"ಭಾರ ಇಳೀತಿದೆ ಅನ್ನಿಸ್ತಿದೆಯಾ?" ಎಂದು ಮೆತ್ತಗೆ ಕೇಳಿದಳು ತರಬೇತಿ ಕೊಡುವ ಹುಡುಗಿ.

"ಇಳ್ದಿಲ್ಲಮ್ಮ, ಮೇಲೆ ಗಂಟೆ ಹೊಡ್ಕೊಳ್ತಾ ಇದೆ," ಎಂದರು ಹಿಂದಿನ ಸಾಲಿನಲ್ಲಿ ಯಾರೋ. ಮುಚ್ಚಿದ ಕಣ್ಣುಗಳಲ್ಲೇ ಎಲ್ಲರೂ ನಕ್ಕರು.

ಹುಡುಗಿಯ ಹೆಸರು ತಿಯಾನಾ. ಬೆಲ್‌ಗ್ರೇಡಿನಿಂದ ಬೆಳಗಿನ ಬಸ್ಸಿಗೆ ಬಂದಿದ್ದಳು. ದಾದಿಯರು ಒತ್ತಡವನ್ನು ತಾಳಿಕೊಳ್ಳುವುದು ಹೇಗೆಂದು ಹೇಳಿಕೊಡುವುದು ಅವಳ ಕೆಲಸ. ಬಾಗಿಲಲ್ಲೇ ಒಬ್ಬೊಬ್ಬರಿಗೂ ಹಿಸುಕಲು ಒಂದೊಂದು ಹಳದಿ ರಬ್ಬರ್ ಚೆಂಡು ಕೊಟ್ಟಿದ್ದಳು. ಸಿಸ್ಟರುಗಳು ಎರಡು ವರ್ಷದಿಂದ ಕೇಳುತ್ತಿದ್ದುದು ಕೆಟ್ಟು ನಿಂತ ಲಿಫ್ಟನ್ನು ರಿಪೇರಿ ಮಾಡಿಸಿ ಎಂದು, ಜರ್ಮನಿಗೆ ಹೊರಟುಹೋದವರ ಜಾಗಕ್ಕೆ ಯಾರನ್ನಾದರೂ ತುಂಬಿ ಎಂದು. ಬಂದದ್ದು ಚೆಂಡು. ರುಜಿತ್ಸಾಳಿಗೆ ತಿಯಾನಾಳ ಮೇಲೆ ಸಿಟ್ಟಿರಲಿಲ್ಲ, ಪಾಪ, ಅವಳ ಶೂ ನೆನೆದಿದ್ದವು. ಯಾರ ಮೇಲೆ ಸಿಟ್ಟಾಗಬೇಕೆಂದು ತಿಳಿಯದೆ ಇದ್ದುದೇ ಅವಳ ತಲೆನೋವು. ಬೆಳಗಿನ ಪಾಳಿ ಮುಗಿಸಿ ಮನೆಗೆ ಹೋಗಿ ಕಾಲು ಚಾಚಬೇಕಾದವಳು ಇಲ್ಲಿ ಕೂತು ಉಸಿರಾಡುವುದನ್ನು ಕಲಿಯುತ್ತಿದ್ದಳು.

ಆಮೇಲೆ ತಿಯಾನಾ, ನಮಗಾಗುವ ಅರ್ಧ ಹಾನಿ 'ಇಲ್ಲ' ಎನ್ನಲು ಬಾರದೆ ಇರುವುದರಿಂದ ಎಂದು ವಿವರಿಸಿದಳು. ಇಬ್ಬಿಬ್ಬರು ಎದುರುಬದುರು ಕೂರಬೇಕು. ಒಬ್ಬರು ಏನಾದರೂ ಕೇಳಬೇಕು, ಇನ್ನೊಬ್ಬರು ಆಗುವುದಿಲ್ಲ ಎನ್ನಬೇಕು. ಕಾರಣ ಕೊಡಬಾರದು, ಕ್ಷಮಿಸಿ ಎನ್ನಬಾರದು. ರುಜಿತ್ಸಾಳ ಎದುರಿಗೆ ಕುರ್ಚಿ ಎಳೆದುಕೊಂಡು ಕೂತವಳು ವಾರ್ಡಿನ ಮುಖ್ಯ ಸಿಸ್ಟರ್ ಬೊಸಿಲ್ಕಾ.

ಇಬ್ಬರೂ ನರ್ಸಿಂಗ್ ಶಾಲೆಯಲ್ಲಿ ಒಂದೇ ಬೆಂಚಿನವರು. ಬೊಸಿಲ್ಕಾ ಆಗಲೇ ಮಾತುಗಾರ್ತಿ, ರುಜಿತ್ಸಾ ಆಗಲೇ ಪುಸ್ತಕದ ಹಿಂದೆ ಮುಖ ಮರೆಸುವವಳು. ಇಬ್ಬರಿಗೂ ಈಗ ಐವತ್ತರ ಹತ್ತಿರ.

ಬೊಸಿಲ್ಕಾ ಚೆಂಡನ್ನು ಒಂದು ಕೈಯಿಂದ ಇನ್ನೊಂದಕ್ಕೆ ಹಾಕಿಕೊಳ್ಳುತ್ತ, ಆಟದ ಧಾಟಿಯಲ್ಲೇ ಕೇಳಿದಳು: "ರುಜಾ, ಸಂತ ದಿಮಿತ್ರಿಯ ದಿನ ನನ್ ಬದಲು ಡ್ಯೂಟಿ ಮಾಡ್ತೀಯಾ?"

"ಆಗ್ಲಿ ಬಿಡು," ಎಂದುಬಿಟ್ಟಳು ರುಜಿತ್ಸಾ.

ಬಾಯಿಂದ ಬಿದ್ದ ಮೇಲೆ ಅವಳಿಗೆ ಅರಿವಾಯಿತು. ಸುತ್ತ ಕೂತವರೆಲ್ಲ ಬಿದ್ದು ಬಿದ್ದು ನಕ್ಕರು. ತಿಯಾನಾ ಕೂಡ ನಕ್ಕು, ಪರವಾಗಿಲ್ಲ, ಅಭ್ಯಾಸ ಇದಕ್ಕೇ ಬೇಕಾಗುವುದು ಎಂದು ಸಮಾಧಾನ ಹೇಳಿ ಮುಂದಿನ ಜೋಡಿಯ ಕಡೆ ಹೋದಳು. ಬೊಸಿಲ್ಕಾ ಮಾತ್ರ ನಗಲಿಲ್ಲ. ಇನ್ನೊಮ್ಮೆ ಕೇಳಲೂ ಇಲ್ಲ. ದೊಡ್ಡದೊಂದು ಕೆಲಸ ಮುಗಿದವಳ ಹಾಗೆ ಕುರ್ಚಿಗೆ ಒರಗಿದಳು.

ಈ ಊರಿನಲ್ಲಿ ಪ್ರತಿ ಮನೆಗೂ ಒಬ್ಬ ಸಂತ. ಆ ಸಂತನ ದಿನ ಮನೆಯ ಹಬ್ಬ, ಅದೇ ಸ್ಲಾವಾ. ಅಂದು ದೀಪ ಹಚ್ಚಬೇಕು, ರೊಟ್ಟಿ ಸುಡಬೇಕು, ಕರೆಯದೆ ಬರುವವರಿಗೆಲ್ಲ ಬಡಿಸಬೇಕು. ಸ್ಲಾವಾ ಇದ್ದವರಿಗೆ ಅಂದು ರಜೆ, ಅದು ಕಾನೂನು. ಅಪ್ಪನಿಂದ ಮಗನಿಗೆ ಹೋಗುವ ಹಬ್ಬ ಅದು. ಹೆಣ್ಣಿಗೆ ಗಂಡನದೇ ಸ್ಲಾವಾ. ಗಂಡನನ್ನು ಬಿಟ್ಟುಬಂದ ವರ್ಷ ರುಜಿತ್ಸಾಳ ಸ್ಲಾವಾ ಕೂಡ ಅವನ ಮನೆಯಲ್ಲೇ ಉಳಿಯಿತು. ಅಂದಿನಿಂದ ಯಾರ ಸಂತನ ದಿನ ಬಂದರೂ ವಾರ್ಡಿನಲ್ಲಿ ಇರುತ್ತಿದ್ದವಳು ಅವಳೇ. ಮೊದಮೊದಲು ಕೇಳುತ್ತಿದ್ದರು, ಆಮೇಲಾಮೇಲೆ ಕೇಳುವುದನ್ನೂ ಬಿಟ್ಟರು. ಮಾರನೆಯ ದಿನ ಒಂದು ತಟ್ಟೆ ಕೇಕು, ಅಂಗೈಯಷ್ಟು ದೊಡ್ಡ ಹಂದಿಮಾಂಸದ ತುಂಡು ಫಾಯಿಲಿನಲ್ಲಿ ಸುತ್ತಿ ಬರುತ್ತಿತ್ತು. ಅವಳು ತಿನ್ನುತ್ತಲೂ ಇದ್ದಳು.

ಆದರೆ ಈ ವಸಂತದಲ್ಲಿ ಅಪ್ಪ ತೀರಿಕೊಂಡಿದ್ದ. ಅಪ್ಪನದು ಸಂತ ದಿಮಿತ್ರಿ. ಗಂಡುಮಕ್ಕಳಿಲ್ಲ. ಈ ವರ್ಷ ಅವನ ಮನೆಯಲ್ಲಿ ದೀಪ ಹಚ್ಚದಿದ್ದರೆ ಆ ಸ್ಲಾವಾ ಅಲ್ಲಿಗೆ ಮುಗಿದ ಹಾಗೆ. ಇನ್ನು ಯಾರೂ ಅದನ್ನು ಎತ್ತಿಕೊಳ್ಳುವುದಿಲ್ಲ. ಪಾದ್ರಿಯನ್ನು ಕೇಳಿದಾಗ ಅವರು, ಸಂತ ಬಂದು ಮಗನೋ ಮಗಳೋ ಎಂದು ವಿಚಾರಿಸುವುದಿಲ್ಲ, ಮೊದಲು ದೊಡ್ಡದೊಂದು ಮೇಣದ ಬತ್ತಿ ತಾ ಎಂದಿದ್ದರು. ಬತ್ತಿ ತಂದಾಗಿತ್ತು. ರಜೆಯನ್ನೂ ತಿಂಗಳ ಹಿಂದೆಯೇ ಕೇಳಿದ್ದಳು. ಬೊಸಿಲ್ಕಾ ನೋಡೋಣ ಎಂದಿದ್ದಳು. ಬೊಸಿಲ್ಕಾಳ ಗಂಡನ ಸ್ಲಾವಾವೂ ಅದೇ ದಿನ, ಅದೇ ಸಂತ.

ಮರುದಿನ ಡ್ಯೂಟಿ ಪಟ್ಟಿ ಗೋಡೆಗೆ ಬಂದಾಗ ಸಂತ ದಿಮಿತ್ರಿಯ ದಿನದ ಹಗಲು ಪಾಳಿಯಲ್ಲಿ ನೆವೆನಾಳ ಜೊತೆ ರುಜಿತ್ಸಾಳ ಹೆಸರಿತ್ತು. ಅವಳು ಅದರ ಮುಂದೆ ನಿಂತು ಎರಡು ಸಲ ಓದಿದಳು. ಟ್ರೇ ಹಿಡಿದು ಹಾದುಹೋದ ಒಬ್ಬಳು, ನೀನೇ ತಾನೆ ನಿನ್ನೆ ಆಗಲಿ ಎಂದದ್ದು, ನಮಗೆಲ್ಲ ಕೇಳಿಸಿತಪ್ಪ, ಎಂದು ಚುಚ್ಚಿದಳು.

ಬೊಸಿಲ್ಕಾ ತನ್ನ ಕೋಣೆಯಲ್ಲಿ ಕಾಫಿ ಕುಡಿಯುತ್ತಿದ್ದಳು. ಒಳಗೆ ಬಂದ ರುಜಿತ್ಸಾಳ ಮುಖ ನೋಡಿದೊಡನೆಯೇ ಲೋಟ ಕೆಳಗಿಟ್ಟಳು. ಅವಳೂ ಸುಮ್ಮನೆ ಕೂತಿರಲಿಲ್ಲ. ಒಂದು ದಿನಕ್ಕೆ ಯಾರನ್ನಾದರೂ ಕೊಡಿ ಎಂದು ಬೇರೆ ವಾರ್ಡುಗಳಲ್ಲಿ ಬೇಡಿದ್ದಳು, ಅಲ್ಲೂ ಜನರಿಲ್ಲ. ಡೈರೆಕ್ಟರರ ಬಳಿ ಹೋಗಿದ್ದಳು. ತರಬೇತಿ ಆಯಿತಲ್ಲ ಸಿಸ್ಟರ್, ಈಗ ನಿಮಗೆ ತಾಳುವ ಶಕ್ತಿ ಇದೆ, ಎಂದು ಅವರು ತಮಾಷೆ ಮಾಡಿ ಕಳುಹಿಸಿದ್ದರು. ಅದನ್ನು ಕೇಳಿ ರುಜಿತ್ಸಾಳಿಗೂ ಒಂದು ಗಳಿಗೆ ಅವಳ ಪರವಾಗಿಯೇ ಸಿಟ್ಟು ಬಂತು. ಬಂದ ಸಿಟ್ಟೆಲ್ಲ ಹೀಗೆ ಬೇರೆಯವರ ಪಾಲಾಗುವುದೇ ಅವಳ ಹಣೆಬರಹ.

"ಅದು ಆಟಕ್ಕೆ ಹೇಳಿದ್ದು, ಬೊಸಾ," ಎಂದಳು. "ನಾನು ರಜ ಕೇಳಿದ್ದೆ."

"ನಮ್ಮನೇಲಿ ಮೂವತ್ತು ಜನ ಸೇರ್ತಾರೆ ಕಣೇ. ಹಂದಿಗೆ ಹೇಳಿ ಆಗಿದೆ. ಅತ್ತೆ ಈಗ್ಲೇ ಬಂದು ಕೂತಿದಾರೆ. ನಾನಿಲ್ದೆ ಅಲ್ಲಿ ಯಾರು ನೋಡ್ತಾರೆ?"

"ನಮ್ಮಪ್ಪಂದೂ ಅವತ್ತೇ."

"ನಿಮ್ಮಪ್ಪ ಹೋದ್ರಲ್ಲ, ರುಜಾ." ಬೊಸಿಲ್ಕಾ ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ, ಮಗುವಿಗೆ ತಿಳಿಹೇಳುವ ಹಾಗೆ ಹೇಳಿದಳು. "ಆ ಮನೇಲಿ ಯಾರಿದಾರೆ ಹೇಳು. ಅಡುಗೆ ಮಾಡಿಟ್ಕೊಂಡು ಕೂತ್ರೆ ಯಾರು ಬರ್ತಾರೆ?"

ರುಜಿತ್ಸಾ ಹೊರಡಲು ತಿರುಗಿದಳು. ಏನೂ ಹೇಳದೆ ಹೊರಗೆ ಬಂದಿದ್ದರೆ ಅದು ಎಂದಿನ ಹಾಗೆಯೇ ಮುಗಿಯುತ್ತಿತ್ತು. ಬಾಗಿಲ ಹಿಡಿಕೆಯ ಮೇಲೆ ಕೈ ಇಟ್ಟಿದ್ದಳು ಕೂಡ.

"ನಾನು ಬರಲ್ಲ," ಎಂದಳು ಬಾಗಿಲ ಕಡೆ ಮುಖ ಮಾಡಿಕೊಂಡೇ. "ಈಗ್ಲೇ ಹೇಳ್ತಿದೀನಿ. ಆಮೇಲೆ ಹೇಳ್ಲಿಲ್ಲ ಅನ್ಬೇಡ."

ಬೊಸಿಲ್ಕಾ ನಂಬಲಿಲ್ಲ. ಪಟ್ಟಿಯನ್ನು ಬದಲಾಯಿಸಲೂ ಇಲ್ಲ. ರುಜಿತ್ಸಾ ಇನ್ನೆರಡು ಸಲ ನೆನಪಿಸಿದಳು, ಒಮ್ಮೆ ಔಷಧಿ ಬೀರುವಿನ ಹತ್ತಿರ, ಇನ್ನೊಮ್ಮೆ ಬಸ್ ನಿಲ್ದಾಣದಲ್ಲಿ. ಎರಡು ಸಲವೂ ಬೊಸಿಲ್ಕಾ ಅವಳ ತೋಳು ತಟ್ಟಿ ಬೇರೆ ಮಾತೆತ್ತಿದಳು. ಉಳಿದವರಿಗೂ ಹಾಗೆಯೇ ಹೇಳಿದ್ದಳಂತೆ: ರುಜಾ ಗೊಣಗ್ತಾಳೆ, ಆದ್ರೆ ಬರ್ತಾಳೆ. ಯಾವತ್ತು ಬಂದಿಲ್ಲ ಹೇಳಿ?

ಸಂತ ದಿಮಿತ್ರಿಯ ದಿನ ತಿಮೋಕ್ ನದಿಯ ಮೇಲಿಂದ ವರ್ಷದ ಮೊದಲ ಕೊರೆಯುವ ಗಾಳಿ ಬೀಸಿತು. ಅಪ್ಪನ ಎರಡು ಕೋಣೆಯ ಮನೆಯಲ್ಲಿ ರುಜಿತ್ಸಾ ಕತ್ತಲಿರುವಾಗಲೇ ಎದ್ದು ಒಲೆ ಹೊತ್ತಿಸಿದ್ದಳು. ಹಿಂದಿನ ದಿನ ಬೇಯಿಸಿ ಆರಿಸಿದ್ದ ಗೋಧಿಯನ್ನು ನುಣ್ಣಗೆ ರುಬ್ಬಿ, ಆಕ್ರೋಟು, ಸಕ್ಕರೆ ಕಲಸಿ ದಿಬ್ಬದ ಹಾಗೆ ತಟ್ಟೆಗೆ ಹಾಕಿದಳು. ಪಾದ್ರಿ ಬೇಗನೆ ಬಂದು ರೊಟ್ಟಿಯ ಮೇಲೆ ವೈನು ಹೊಯ್ದು ಕತ್ತರಿಸಿ, ಇನ್ನೂ ಹತ್ತು ಮನೆಗಳಿವೆ ಎಂದು ಅವಸರದಲ್ಲಿ ಹೋದರು. ಬತ್ತಿ ಉರಿಯತೊಡಗಿತು. ಮೇಜಿನ ಮೇಲೆ ಅಮ್ಮನ ಕಾಲದ ತಟ್ಟೆಗಳನ್ನೆಲ್ಲ ಇಟ್ಟು, ಬಾಗಿಲ ಚಿಲಕ ತೆಗೆದು ಬಿಟ್ಟಳು. ಸ್ಲಾವಾದ ದಿನ ಯಾರನ್ನೂ ಕರೆಯುವಂತಿಲ್ಲ. ಬರುವವರು ಬರುತ್ತಾರೆ.

ಫೋನ್ ಬಂದದ್ದು ಪಾಳಿ ಶುರುವಾಗಿ ಸ್ವಲ್ಪ ಹೊತ್ತಿಗೆ. ನೆವೆನಾಳ ದನಿ ಅಳುವ ಹಾಗಿತ್ತು. ಬರ್ತಿದೀರ ಅಲ್ವಾ ಎಂದು ಕೇಳಿದಳು. ರುಜಿತ್ಸಾಳ ಕಣ್ಣ ಮುಂದೆ ಇಡೀ ವಾರ್ಡು ಸಾಲಾಗಿ ಬಂತು: ಇನ್ಸುಲಿನ್ ಕಾಯುವವರು, ಡ್ರಿಪ್ ಮುಗಿಯುತ್ತ ಬಂದವರು, ಎಬ್ಬಿಸಿ ಕೂರಿಸದೆ ಕಾಫಿ ಕುಡಿಯಲಾಗದವರು. ಅವಳ ಕೈ ಆಗಲೇ ಕೋಟಿನ ಮೇಲಿತ್ತು. ಒಂದು ತೋಳು ತೂರಿಸಿಯೂ ಬಿಟ್ಟಿದ್ದಳು. ಉರಿಯುವ ಬತ್ತಿಯನ್ನು ಬಿಟ್ಟು ಹೋಗುವ ಹಾಗಿಲ್ಲ, ಊದಿ ಆರಿಸುವ ಹಾಗೂ ಇಲ್ಲ. ಹೋಗಬೇಕೆಂದರೆ ಈ ಹೊತ್ತಿಗೇ ವೈನು ತೊಟ್ಟಿಕ್ಕಿಸಿ ಅದನ್ನು ನಂದಿಸಬೇಕು. ಅಪ್ಪನ ಸ್ಲಾವಾ ಬೆಳಗಿನ ತಿಂಡಿಯ ಹೊತ್ತಿಗೆ ಮುಗಿಯುತ್ತದೆ. ಅವಳು ತೋಳನ್ನು ಕೋಟಿನಿಂದ ಎಳೆದುಕೊಂಡಳು.

"ಬೊಸಿಲ್ಕಾಗೆ ಫೋನ್ ಮಾಡು ಪುಟ್ಟಾ," ಎಂದಳು. "ಅವಳಿಗೆ ಹೇಳಿದೀನಿ. ಮೂರು ಸಲ ಹೇಳಿದೀನಿ. ಮೊದ್ಲು ಇನ್ಸುಲಿನ್ ಮುಗಿಸ್ಕೊ."

ಫೋನ್ ಇಟ್ಟು ಕೋಟನ್ನು ಮತ್ತೆ ಗೂಟಕ್ಕೆ ಹಾಕಿದಳು. ಹಬ್ಬದ ಸಂತೋಷ ಎನ್ನುವುದು ಅವಳಿಗೆ ಆಗಲಿಲ್ಲ. ಹಗಲಿಡೀ ತಾನು ಮಾಡಿದ್ದು ಸರಿಯೋ ತಪ್ಪೋ ಎಂದು ಒಳಗೇ ಜಗಳವಾಡಿದಳು. ಜನರನ್ನು ನೇಮಿಸದವರು ಬೇರೆ, ಅಪರಾಧಿಯ ಹಾಗೆ ಅಡುಗೆಮನೆಯಲ್ಲಿ ನಿಂತಿರುವವಳು ತಾನು. ಮಧ್ಯಾಹ್ನ ಪಕ್ಕದ ಮನೆಯ ಮುದುಕ ದಂಪತಿ ಬಂದು, ಅಪ್ಪನನ್ನು ನೆನೆದು, ಸಣ್ಣ ಗ್ಲಾಸಿನಲ್ಲಿ ಬ್ರಾಂಡಿ ಕುಡಿದು ಹೋದರು. ಮತ್ತೆ ಯಾರೂ ಬರಲಿಲ್ಲ. ಅವಳಿಗೊಂದು ಸ್ಲಾವಾ ಇದೆಯೆಂದು ಯಾರಿಗಾದರೂ ಗೊತ್ತಿದ್ದರಲ್ಲವೇ ಬರುವುದು.

ಸಂಜೆ ಬಾಗಿಲು ತಟ್ಟದೆ ಒಳಗೆ ಬಂದವಳು ಬೊಸಿಲ್ಕಾ. ಪಾಳಿ ಮುಗಿಸಿ ನೇರ ಬಂದಿದ್ದಳು. ಕೋಟಿನ ಕೆಳಗೆ ಇನ್ನೂ ವಾರ್ಡಿನ ಬಿಳಿ ಅಂಗಿ, ಮುಖ ಕೆಂಪೇರಿತ್ತು. ಮೆಟ್ಟಿಲು ಹತ್ತುವಾಗಲೇ ಎಲ್ಲವನ್ನೂ ಜೋಡಿಸಿಕೊಂಡು ಬಂದವಳ ಹಾಗೆ ಬಾಯಿ ತೆರೆದಳು.

ರುಜಿತ್ಸಾ ಗೋಧಿಯ ತಟ್ಟೆಯನ್ನು ಅವಳ ಮುಂದೆ ಹಿಡಿದಳು. ಒಂದು ಚಮಚ, ಪಕ್ಕದಲ್ಲಿ ನೀರಿನ ಗ್ಲಾಸು.

ಅದನ್ನು ತಿನ್ನದೆ ಸ್ಲಾವಾದ ಮನೆಯಲ್ಲಿ ಯಾರೂ ಮಾತಾಡುವುದಿಲ್ಲ. ಬೊಸಿಲ್ಕಾ ಉರಿಯುವ ಬತ್ತಿಯನ್ನು ನೋಡಿದಳು, ಇಟ್ಟ ಹಾಗೆಯೇ ಇದ್ದ ಖಾಲಿ ತಟ್ಟೆಗಳನ್ನು ನೋಡಿದಳು. ಬಾಯಿ ಮುಚ್ಚಿ, ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು, ಒಂದು ಚಮಚ ಬಾಯಿಗಿಟ್ಟಳು. ನುಣ್ಣಗೆ ರುಬ್ಬಿದ ಗೋಧಿಯನ್ನು ಅಷ್ಟು ಹೊತ್ತು ಅಗಿಯುವ ಅಗತ್ಯವಿರಲಿಲ್ಲ.

"ಸ್ಲಾವಾ ಶುಭವಾಗ್ಲಿ," ಎಂದಳು ಕೊನೆಗೆ, ಬೆಡ್‌ಪ್ಯಾನ್ ತಾ ಎನ್ನುವ ದನಿಯಲ್ಲಿ. ಚಮಚವನ್ನು ನೀರಿನಲ್ಲಿ ಬಿಟ್ಟಳು. "ನಮ್ಮನೇಲಿ ಇನ್ನೂ ಹಾಡ್ತಿದಾರೆ. ಒಬ್ರ ಮುಖಾನೂ ನಾನು ನೋಡಿಲ್ಲ."

"ಹೋಗು ಮತ್ತೆ."

"ಹೋಗ್ತೀನಿ. ಕಾಲು ಹೋಗಿದೆ." ಕುರ್ಚಿ ಎಳೆದು ಕುಸಿದಳು. ಶೂ ಕಳಚಿದಳು. ಕಾಲುಚೀಲದ ಅಂಚು ಊದಿದ ಮೀನಖಂಡದಲ್ಲಿ ಆಳವಾಗಿ ಒತ್ತಿತ್ತು.

ರುಜಿತ್ಸಾ ಒಲೆಯ ಮೇಲಿಂದ ಸೂಪು ತಂದು ಬಡಿಸಿದಳು, ರೊಟ್ಟಿ ಮುರಿದಿಟ್ಟಳು. ಬೊಸಿಲ್ಕಾ ಎರಡು ಚಮಚ ಕುಡಿದು, ತಲೆ ಎತ್ತದೆ, ಎದುರಿನ ಕುರ್ಚಿಯನ್ನು ಕಾಲಿನಿಂದಲೇ ಈಚೆಗೆ ತಳ್ಳಿದಳು.

"ಕೂತ್ಕೊಳ್ಳೇ. ಬೆಳಗ್ಗಿಂದ ನಿಂತಿರ್ತೀಯ."

"ಮನೆಯವರು ಕೂರೋ ಹಾಗಿಲ್ಲ ಇವತ್ತು," ಎಂದಳು ರುಜಿತ್ಸಾ.

ಅಪ್ಪನೂ ಹೀಗೆಯೇ, ಕೊನೆಯ ನೆಂಟ ಏಳುವವರೆಗೆ ಮೇಜಿನ ತಲೆಯಲ್ಲಿ ನಿಂತಿರುತ್ತಿದ್ದ. ಬೊಸಿಲ್ಕಾ ರೊಟ್ಟಿಯನ್ನು ಸೂಪಿನಲ್ಲಿ ಅದ್ದಿದಳು. ಅವಳು ತಿಂದು ಮುಗಿಸುವಷ್ಟು ಹೊತ್ತೂ ರುಜಿತ್ಸಾ ಅಲ್ಲೇ, ಕೈಯಲ್ಲಿ ಸೌಟು ಹಿಡಿದು, ಬೆನ್ನು ನೆಟ್ಟಗೆ ಮಾಡಿಕೊಂಡು ನಿಂತಿದ್ದಳು.