ಕುಡಿಯದ ದಿನ ಯಾವುದು?

ದಾನೇಶ್ವರಿಗೆ ಪ್ರಶ್ನೆ ಕೇಳುವ ಚಟ ಮೊದಲಿನಿಂದಲೂ ಇತ್ತು. ಮೆಂತ್ಯದ ಕಟ್ಟು ಯಾವ ಊರಿನ ಹೊಲದ್ದೆಂದು ತರಕಾರಿಯವನನ್ನು ಕೇಳದೆ ಚೀಲಕ್ಕೆ ಹಾಕಿಕೊಂಡವಳಲ್ಲ ಅವಳು. ರೈಲ್ವೆ ನೌಕರನಾದ ಗಂಡ ಗುರುಬಸವ, "ನೀ ಪೊಲೀಸ್ ಆಗಬೇಕಿತ್ತು ನೋಡು" ಎಂದು ನಗುತ್ತಿದ್ದ. ಸೇಡಂ ಕಡೆಯಿಂದ ಮದುವೆಯಾಗಿ ತೆಲುಗು ನಾಡಿನ ಮಲ್ಕಾಜ್‌ಗಿರಿಗೆ ಬಂದವಳಿಗೆ ಎಷ್ಟೋ ವರ್ಷಗಳ ಮೇಲೆ ಒಂದು ಕೆಲಸ ಸಿಕ್ಕಿತು. ಅದೂ ಕನ್ನಡ ಬರುತ್ತದೆ ಎಂಬ ಒಂದೇ ಕಾರಣಕ್ಕೆ.

ಕಮಲಾಕ್ಷಿ ಎಂಬುವರು ನಡೆಸುತ್ತಿದ್ದ ಸಣ್ಣ ಸಂಸ್ಥೆಯೊಂದಕ್ಕೆ ಕುಡಿತ ಮತ್ತು ಜೂಜಿನ ಚಟ ತಡೆಯುವ ಕೆಲಸಕ್ಕಾಗಿ ಸರ್ಕಾರದ ಅನುದಾನ ಬಂದಿತ್ತು. ರೈಲು ಹಳಿಯಾಚೆ ತಗಡಿನ ಶೆಡ್ಡುಗಳಲ್ಲಿ ಯಾದಗಿರಿ, ರಾಯಚೂರು ಕಡೆಯ ಕಟ್ಟಡ ಕೂಲಿಗಳು ತುಂಬಿಕೊಂಡಿದ್ದರು. ಅವರಿಗೆ ಅವರ ಮಾತಿನಲ್ಲೇ ತಿಳಿಹೇಳುವವರು ಬೇಕಿತ್ತು. ಗೋಡೆಗೆ ಪೋಸ್ಟರ್ ಅಂಟಿಸುವುದು, ಜನರನ್ನು ಸೇರಿಸಿ ಭಾಷಣ ಮಾಡುವುದು, ಫೋಟೋ ತೆಗೆದು ಕಳಿಸುವುದು ದಾನೇಶ್ವರಿಯ ಕೆಲಸ.

ಮೊದಲ ಸಭೆಗೆ ಬಂದವರು ಕೆಲವೇ ಮಂದಿ. ಅವರಲ್ಲೊಬ್ಬ ಆಗಲೇ ತೂಕಡಿಸುತ್ತಿದ್ದ. ಕಳ್ಳಿನಲ್ಲಿ ಬೆರೆಸುವ ಮತ್ತಿನ ಪುಡಿಯಿಂದ ಏನೇನಾಗುತ್ತದೆಂದು ಅವಳು ಓದಿಕೊಂಡು ಬಂದಷ್ಟನ್ನೂ ಹೇಳಿ ಮುಗಿಸಿದಳು. ಸೆಂಟ್ರಿಂಗ್ ಕೆಲಸದ ಗೊಲ್ಲಾಳಪ್ಪ ಹಿಂದಿನಿಂದ ಕೈ ಎತ್ತಿದ. ನಡುವಯಸ್ಸಿನ ಮನುಷ್ಯ, ಶೆಡ್ಡುಗಳ ಪೈಕಿ ಎಲ್ಲರಿಗಿಂತ ಹೆಚ್ಚು ಕುಡಿಯುವವನು ಅವನೇ ಎಂದು ಅವಳಿಗೆ ಆಗಲೇ ಹೇಳಿದ್ದರು.

"ಕಳ್ಳು ಕೆಟ್ಟದ್ದಂತ ನಮಗೂ ಗೊತ್ತೈತ್ರಿ ಅಕ್ಕಾರ. ಗೊತ್ತಿಲ್ಲದ್ದು ಏನರೆ ಇದ್ರ ಹೇಳ್ರಿ."

ಅವನ ದನಿಯಲ್ಲಿ ಕುಹಕವಿರಲಿಲ್ಲ. ದಾನೇಶ್ವರಿಗೆ ಅದೇ ಇನ್ನೂ ಕಷ್ಟವಾಯಿತು. ಹೇಳಲು ಬೇರೇನೂ ಇರಲಿಲ್ಲ. ಹೇಳುವುದು ಮುಗಿದ ಮೇಲೆ ಅವಳಿಗೆ ಉಳಿದದ್ದು ಕೇಳುವುದೊಂದೇ.

"ಹಂಗಾರ ನನಗ ಗೊತ್ತಿಲ್ಲದ್ದು ನೀವ ಹೇಳ್ರಿ ಅಣ್ಣಾರ. ನೀವು ಕುಡೀದ ದಿನ ಯಾವುದು?"

ಎಲ್ಲರೂ ನಕ್ಕರು. ಯಾಕೆ ಕುಡಿಯುತ್ತೀಯೆಂದು ಹೆಂಡತಿ, ಅತ್ತೆ, ಮೇಸ್ತ್ರಿ ಎಲ್ಲರೂ ಕೇಳಿದ್ದರು. ಇದನ್ನು ಯಾರೂ ಕೇಳಿರಲಿಲ್ಲ. ಜ್ವರ ಬಂದ ದಿನ ಎಂದ ಒಬ್ಬ. ಮಾವ ಮನೆಗೆ ಬಂದ ದಿನ ಎಂದ ಇನ್ನೊಬ್ಬ. ಗೊಲ್ಲಾಳಪ್ಪ ತಲೆ ಕೆರೆದುಕೊಂಡು, "ಸ್ಲ್ಯಾಬ್ ಹಾಕಿದ ದಿನ ಹೋಗಂಗಿಲ್ರಿ" ಎಂದ. ಉಳಿದವರೂ ಮುಖ ಮುಖ ನೋಡಿಕೊಂಡು ಹೌದೆಂದರು.

ದಾನೇಶ್ವರಿಗೆ ಇದು ಒಗಟಾಯಿತು. ಸ್ಲ್ಯಾಬ್ ಹಾಕುವ ದಿನವೆಂದರೆ ಮೈ ಮುರಿಯುವಷ್ಟು ಕೆಲಸ. ಅಂದಲ್ಲವೆ ಇವರು ಕುಡಿಯಬೇಕಾದದ್ದು? ಯಾಕೆ ಹೋಗುವುದಿಲ್ಲವೆಂದು ಕೇಳಿದರೆ ದಣಿವು ಎಂದರು, ಮೇಸ್ತ್ರಿಯ ಅಂಜಿಕೆ ಎಂದರು. ಆದರೆ ಹೇಳಿದವರಿಗೇ ತಮ್ಮ ಉತ್ತರದ ಮೇಲೆ ನಂಬಿಕೆಯಿರಲಿಲ್ಲ.

ಮುಂದಿನ ಸ್ಲ್ಯಾಬಿನ ದಿನ ಅವಳು ಆಟೋ ಹಿಡಿದು ಕಟ್ಟಡದ ಜಾಗಕ್ಕೇ ಹೋದಳು. ಸಂಜೆ ಕಾಂಕ್ರೀಟು ಮುಗಿಯುವ ಹೊತ್ತಿಗೆ ಕಂಟ್ರಾಕ್ಟರು ಮಾಡಿಸಿದ ಅನ್ನ, ಮಟನ್ ಸಾರು ಬಂದವು. ಜನ ಕೈ ತೊಳೆದು ಸಾಲಾಗಿ ಕೂತು ಉಂಡರು. ಉಂಡವರು ಮರಳಿನ ರಾಶಿಗೆ ಒರಗಿ ಅದೂ ಇದೂ ಮಾತಾಡಿದರು. ಆಮೇಲೆ ಎದ್ದು ನೆಟ್ಟಗೆ ಶೆಡ್ಡಿನ ದಾರಿ ಹಿಡಿದರು. ಕಳ್ಳು ಮಾರುವ ಕಾಂಪೌಂಡು ದಾರಿಯಲ್ಲೇ ಇತ್ತು. ಯಾರೂ ಒಳಗೆ ಹೋಗಲಿಲ್ಲ.

ಇದರ ಮರ್ಮವನ್ನು ಅವಳು ಗೊಲ್ಲಾಳಪ್ಪನ ಹೆಂಡತಿ ಗದಿಗೆಮ್ಮನಲ್ಲಿ ಕೇಳಿದಳು. ಗದಿಗೆಮ್ಮನೂ ದಿನವಿಡೀ ಇಟ್ಟಿಗೆ ಹೊರುವವಳೇ.

"ದಿನಾ ನಾನೂ ಅವನ ಸಂಗಡನ ಮನೀಗೆ ಬರ್ತೀನಿ. ಟ್ಯಾಂಕರ್ ನೀರು ಹಿಡಿದು, ಒಲಿ ಹಚ್ಚಿ, ರೊಟ್ಟಿ ಬಡಿಯೂತನ ಕತ್ತಲಾಗ್ತೈತಿ. ಅಲ್ಲೀತನ ಅವ ಎಲ್ಲಿ ಕುಂದ್ರಬೇಕವ್ವಾ? ಕಾಂಪೌಂಡಿನ್ಯಾಗ ಬಿಸಿ ಬೋಟಿ ಸಿಗ್ತೈತಿ, ಉಸಳಿ ಸಿಗ್ತೈತಿ. ಕಳ್ಳಿಗೆ ಹೋಗ್ತಾನೋ ಉಸಳಿಗೆ ಹೋಗ್ತಾನೋ, ನಾ ಏನು ಹೇಳ್ಲಿ!"

ದಾನೇಶ್ವರಿ ಮರುದಿನ ಓಡೋಡಿ ಕಮಲಾಕ್ಷಿಯವರಿಗೆ ಹೇಳಿದಳು: ಪೋಸ್ಟರ್ ಬಿಟ್ಟು ಸಂಜೆ ಬಿಸಿ ಊಟ ಕೊಟ್ಟು ನೋಡೋಣ. ಕಮಲಾಕ್ಷಿ ಗಾಬರಿಯಾದರು. ಅನುದಾನ ಬಂದಿರುವುದು ತಿಳಿವಳಿಕೆ ಮೂಡಿಸಲು, ಅನ್ನಸಂತರ್ಪಣೆಗಲ್ಲ. ಲೆಕ್ಕ ನೋಡುವವರು ಬಂದರೆ ಏನು ಹೇಳುವುದು?

ಅಷ್ಟರಲ್ಲಿ ಇಲಾಖೆಯಿಂದ ಅಂಬಾದಾಸ ಎಂಬ ಅಧಿಕಾರಿ ಕೆಲಸ ನೋಡಲು ಬಂದ. ಬೀದರದವನಾದ್ದರಿಂದ ಕನ್ನಡದಲ್ಲೇ ಮಾತಾಡಿದ. ದಾನೇಶ್ವರಿ ಹೇಳಿದ್ದನ್ನೆಲ್ಲ ಕೇಳಿ, ಗದ್ದಕ್ಕೆ ಕೈ ಕೊಟ್ಟು ಕೂತ.

"ಊಟದಿಂದನ ಆಗ್ತೈತಂತ ನಿಮಗೆ ಹೆಂಗ ಗೊತ್ತು? ನಾಲ್ಕು ಮಂದಿ ಕೂಡಿ ಕುಂದ್ರೂದರಿಂದಾನೂ ಆಗಿರಬಹುದಲ್ಲ?"

"ಗೊತ್ತಿಲ್ರಿ ಸರ್."

"ನನಗೂ ಗೊತ್ತಿಲ್ಲ." ಅವನ ಮುಖದಲ್ಲಿ ನಗು ಮೂಡಿತು. "ಸಭೆಗೆ ಬಂದವರಿಗೆ ಉಪಾಹಾರ ಕೊಡಾಕ ಅನುದಾನದಾಗ ಅವಕಾಶ ಐತಿ. ದಿನಾ ಸಂಜೀಕ ಸಭೆ ಮಾಡಬಾರದಂತ ಎಲ್ಲೂ ಹೇಳಿಲ್ಲ. ಮುಂದಿನ ಕಂತು ಬರೂತನ ಮಾಡಿ ನೋಡ್ರಿ. ಆದರ ಆಗಲಿಲ್ಲಂದ್ರ ಆಗಲಿಲ್ಲಂತ ಹೇಳ್ಬೇಕು. ಚೆಂದ ಮಾಡಿ ಹೇಳಬಾರದು."

ಹಾಗೆ ಸಂಜೆಯ ಸಭೆ ಶುರುವಾಯಿತು. ಗದಿಗೆಮ್ಮ ಇಟ್ಟಿಗೆ ಬಿಟ್ಟು, ಕೂಲಿಯ ಮೇಲೆ ಅಡುಗೆಗೆ ನಿಂತಳು. ಬಿಸಿ ಅಂಬಲಿ, ಹೆಸರುಕಾಳಿನ ಉಸಳಿ, ಒಮ್ಮೊಮ್ಮೆ ರೊಟ್ಟಿ. ಮೊದಮೊದಲು ಜನ ಉಂಡು, ಬಾಯಿ ಒರೆಸಿಕೊಂಡು ಕಾಂಪೌಂಡಿಗೆ ನಡೆದರು. ಆದರೆ ದಿನ ಕಳೆದಂತೆ ಒಬ್ಬೊಬ್ಬರೇ ಕೂತಲ್ಲೇ ಉಳಿಯತೊಡಗಿದರು. ಗೊಲ್ಲಾಳಪ್ಪ ವಾರದ ಸಂಬಳದ ದಿನ ಮಾತ್ರ ತಪ್ಪಿಸಿಕೊಳ್ಳುತ್ತಿದ್ದ. ಮಿಕ್ಕ ದಿನ ಹೆಂಡತಿಯ ಉಸಳಿಗೆ ಉಪ್ಪು ಕಡಿಮೆಯೆಂದು ಜಗಳ ತೆಗೆಯುತ್ತ ಕೂತಿರುತ್ತಿದ್ದ. ಆ ಜಗಳ ಕೇಳಲೆಂದೇ ಕೆಲವರು ಬರುತ್ತಿದ್ದರು.

ಒಬ್ಬನ ವಿಷಯದಲ್ಲಿ ಮಾತ್ರ ಏನೂ ನಡೆಯಲಿಲ್ಲ. ಪರಮೇಶ ಕಾಂಕ್ರೀಟು ಕೂರಿಸುವ ವೈಬ್ರೇಟರ್ ಮಷೀನ್ ಹಿಡಿಯುವ ಪ್ರಾಯದ ಗಂಡಸು. ಕಳ್ಳು ಮುಟ್ಟುತ್ತಿರಲಿಲ್ಲ. ಆದರೆ ಬಲಗೈಯಲ್ಲಿ ತುತ್ತು, ಎಡಗೈಯಲ್ಲಿ ಫೋನು. ಕ್ರಿಕೆಟ್ ಬೆಟ್ಟಿಂಗಿನಲ್ಲಿ ಊರಿನ ಮನೆಗೆ ಕಳಿಸಬೇಕಾದ್ದೆಲ್ಲ ಕರಗಿಹೋಗಿತ್ತು.

"ಆಡದ ದಿನ ಯಾವುದಪ್ಪಾ?" ದಾನೇಶ್ವರಿ ಕೇಳಿದಳು.

"ಅಂಥಾದ್ದು ಇಲ್ರಿ ಅಕ್ಕಾರ" ಎಂದ, ತಲೆ ಎತ್ತದೆ.

ಕೆಲವು ದಿನ ಬಿಟ್ಟು ಅವನೇ ಬಂದು ಪಕ್ಕದಲ್ಲಿ ಕೂತ. "ಒಂದು ದಿನ ಇತ್ರಿ. ಹೊಸಾ ಮಂದಿ ಬಂದಿದ್ರು, ಮಷೀನ್ ಹೆಂಗ ಹಿಡೀಬೇಕಂತ ಕಲಿಸು ಅಂದ್ರು ಮೇಸ್ತ್ರಿ. ದಿನಾಪೂರ್ತಿ ಎಲ್ಲಾರೂ ನನ್ನ ಕೇಳಾಕತ್ತಿದ್ರು. ಫೋನ್ ಎಲ್ಲೈತಿ ಅನ್ನೂದ ಮರ್ತು ಹೋಗಿತ್ತು." ಆಮೇಲೆ ತಾನೇ ಮುಂದುವರಿಸಿದ: "ರೊಕ್ಕಕ್ಕ ಆಡ್ತೀನಂತ ಎಲ್ಲಾರೂ ಅಂತಾರ್ರಿ. ರೊಕ್ಕ ಬಂದ್ರೂ ನಾ ನಿಲ್ಲಂಗಿಲ್ಲ. ಈ ಬಾಲಿಗೆ ಔಟ್ ಅಂದಿರ್ತೀನಿ, ಔಟ್ ಆಗ್ತೈತಿ. ಆವಾಗ ನಾನೂ ಒಬ್ಬ ಇದ್ದೀನಿ ಅನಸ್ತೈತಿ."

ಇದಕ್ಕೆ ಅಂಬಲಿ ಸಾಲದೆಂದು ದಾನೇಶ್ವರಿಗೆ ತಿಳಿಯಿತು.

ಅಂಬಾದಾಸ ಮತ್ತೆ ಬಂದಾಗ ಅವಳು ಚೆಂದ ಮಾಡದೆ ಹೇಳಿದಳು: ಕಳ್ಳು ಬಹುಮಂದಿಯಲ್ಲಿ ಕಡಿಮೆಯಾಗಿದೆ, ಸಂಬಳದ ದಿನ ಆಗಿಲ್ಲ, ಫೋನಿನ ಜೂಜು ಒಂದಿಷ್ಟೂ ಕಡಿಮೆಯಾಗಿಲ್ಲ. ಕಮಲಾಕ್ಷಿ ಪಕ್ಕದಲ್ಲಿ ಕೂತು ಸೆರಗು ಹಿಂಡುತ್ತಿದ್ದರು. ಅಂಬಾದಾಸ ಗದಿಗೆಮ್ಮನ ಉಸಳಿ ತಿಂದು, ಗೊಲ್ಲಾಳಪ್ಪನ ದೂರನ್ನೂ ಕೇಳಿ ಹೊರಟ. ಮುಂದಿನ ಕಂತು ಬಂತು. ಸಂಜೆಯ ಸಭೆಗೆ ಅದರಲ್ಲಿ ಬಹಿರಂಗವಾಗಿಯೇ ಜಾಗವಿತ್ತು. ಜೂಜಿನವರನ್ನು ಆಸ್ಪತ್ರೆಯ ಆಪ್ತಸಲಹೆಗೆ ಕರೆದೊಯ್ಯುವ ಖರ್ಚೂ ಸೇರಿತ್ತು.

ಪರಮೇಶ ಬರುತ್ತೇನೆಂದ, ಒಲ್ಲೆನೆಂದ, ಕೊನೆಗೆ ಒಂದು ಸೋಮವಾರ ಕೂದಲು ಬಾಚಿಕೊಂಡು ಶೆಡ್ಡಿನ ಮುಂದೆ ನಿಂತಿದ್ದ. ಬಸ್ಸಿನ ದಾರಿಯುದ್ದಕ್ಕೂ ಫೋನು ತೆಗೆದು ನೋಡಿದ, ಒಳಗಿಟ್ಟ, ಮತ್ತೆ ತೆಗೆದ. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಮೆಲ್ಲಗೆ ಕೇಳಿದ: "ಒಳಗ ಬೈತಾರೇನ್ರಿ?"

"ಬೈಯಂಗಿಲ್ಲ. ಬೈದ್ರ ನಾವಿಬ್ಬರೂ ಎದ್ದು ಹೊರಗ ಬರೂಣು."

ಅವನ ಹೆಸರು ಕರೆದರು. ಪರಮೇಶ ಬಾಗಿಲತನಕ ಹೋಗಿ, ಚಪ್ಪಲಿ ಬಿಡಬೇಕೋ ಬೇಡವೋ ತಿಳಿಯದೆ ನಿಂತ. ಆಮೇಲೆ ಚಪ್ಪಲಿ ಹಾಕಿಕೊಂಡೇ ಒಳಗೆ ಹೋದ.